ಅಮ್ಮಾರ ಬಲಗಾಲು

ಮೊನ್ನೆ ಬನಹಟ್ಟಿ ಗುಜರಿ ಅಂಗಡಿ ಮುಂದ ಒಂದು ಹಳೇ ಮೊಪೆಡ್ ನಿಂತಿತ್ತು. ಸೀಟು ಹರದಿತ್ತು. ಹ್ಯಾಂಡಲಿಗೆ ಕಟ್ಟಿದ್ದ ತಂತಿ ಬುಟ್ಟಿ ತಳದಾಗ ಬೆಳ್ಳಗ ಈಬತ್ತಿ ಪುಡಿ ಇನ್ನೂ ಅಂಟ್ಕೊಂಡಿತ್ತು. ಯಾರ ಗಾಡಿ ಅಂತ ಕೇಳೋ ಜರೂರ ಇರಲಿಲ್ಲ. ಅದರ ಸಪ್ಪಳಕ್ಕ ನಮ್ಮ ಓಣ್ಯಾಗಿನ ಪಾವರ್‌ಲೂಮ್ ಎಲ್ಲಾ ನಾಚ್ಕೊಂಡು ಸುಮ್ಮನಾಗ್ತಿದ್ವು. ಚಿಕ್ಕಪಡಸಲಗಿ ಬ್ಯಾರೇಜಿನ್ಯಾಗ ಮೀನು ಸೈತ ಹೊಳ್ಳಿ ನೋಡ್ತಾವು ಅಂತ ನಾ ಸಾಲ್ಯಾಗ ಹೇಳ್ತಿದ್ದೆ. ಅರ್ಧ ಕ್ಲಾಸು ನಂಬತಿತ್ತು...

ಅದು ಅಮ್ಮಾರ ಗಾಡಿ. ಸಾಲಿ ಬಿಟ್ಟ ಕೂಡ್ಲೇ ನಾ ಅದರ ಹಿಂದ ಏರಿ ಕುಂದರ್ತಿದ್ದೆ. ಮಠದ ಅಯ್ಯಾರ ಹೇಂತಿ ಆಗಿದ್ದಕ್ಕ ಊರೆಲ್ಲಾ ಅಮ್ಮಾರು ಅಂತಿತ್ತು. ಅಯ್ಯಾರು ಅಂದ್ರ ನಮ್ಮ ನೇಕಾರ ಮನ್ಯಾಗ ಕೂಸು ಹುಟ್ಟಿದ್ರ ಲಿಂಗ ಕಟ್ಟೋರು, ಮದವಿ ಮಾಡಸೋರು, ಸತ್ರ ಮಣ್ಣಿಗೆ ಕಳಸೋರು. ಸಕ್ಕರಿ ಬ್ಯಾನಿ ಬಂದು ಅವರ ಕಣ್ಣು ಹೋದ್ವು. ಆಮ್ಯಾಲೆ ಅಮ್ಮಾರೇ ಕೈ ಹಿಡ್ಕೊಂಡು ಮನಿ ಮನಿಗೆ ಕರ್ಕೊಂಡು ಬರೋರು. ಬಾಜೂಕ ಕುಂತು ಮಂತ್ರ ಮೆಲ್ಲಕ ಹೇಳೋರು, ಅಯ್ಯಾರು ಅದನ್ನ ಜೋರಾಗಿ ಅನ್ನೋರು. ಮಂತ್ರ ಖರೆ ಯಾರಿಗೆ ಬರ್ತಾವ ಅನ್ನೂದು ಊರಿಗೆಲ್ಲಾ ಗೊತ್ತಿತ್ತು. ಯಾರೂ ಬಾಯಿ ಬಿಡ್ತಿರಲಿಲ್ಲ, ಅಷ್ಟ.

ಅಯ್ಯಾರು ತೀರಿಕೊಂಡ ಮ್ಯಾಲೆ ಅಮ್ಮಾರು ಗಾಡಿ ಕಲತ್ರು. ಕಲಿಯೋ ಮುಂದ ಎರಡು ಗಟಾರ, ನಮ್ಮ ಅಪ್ಪನ ಸೈಕಲ್ಲು ಬಲಿ ಆದ್ವು. ಅಯ್ಯಾರ ಕೆಲಸ ತಾವೇ ಮಾಡ್ತೇನಿ ಅಂದ್ರು. ಒಂದು ವರ್ಷ ಒಬ್ರೂ ಕರೀಲಿಲ್ಲ. ಮೊದಲ ಕರದಾಕಿ ನಮ್ಮ ಆಯಿ, ಅಪ್ಪನ ಅವ್ವ. ನನಗ ಲಿಂಗ ಕಟ್ಟಸಾಕ. ಬ್ಯಾರೆ ಕೂಸು ಅಳ್ತಾವ, ನಾ ನಕ್ಕೆನಂತ. ಹೆದರಿ ನಕ್ಕಿ ಅಂತ ಅಪ್ಪ ಅಂತಾನ.

ಬರಬರತ ಮಂದಿ ಕರಿಯಾಕತ್ರು. ಲಿಂಗ ಕಟ್ಟಸಾಕ, ಮನಿ ಒಕ್ಕಲಕ್ಕ, ಕಡೀಕ ಮದವಿಗೂ. ಮುಟ್ಟಾದಾಗ ಲಿಂಗ ಮುಟ್ಟಬಾರದೇನ್ರೀ ಅಂತ ಹುಡುಗ್ಯಾರು ಕೇಳಿದ್ರ, "ಲಿಂಗಕ್ಕೇನು ಕ್ಯಾಲೆಂಡರ್ ಓದಾಕ ಬರ್ತದೇನವಾ?" ಅನ್ನೋರು. ಆದ್ರ ಒಂದು ಕೆಲಸಕ್ಕ ಮಾತ್ರ ಯಾರೂ ಕರೀತಿರಲಿಲ್ಲ. ನಮ್ಮಲ್ಲಿ ಸತ್ತವರನ್ನ ಕುಂದ್ರಸ್ತಾರ. ಅಯ್ಯಾರು ಬಂದು ಅವರ ತಲಿ ಮ್ಯಾಲೆ ಬಲಗಾಲು ಇಟ್ಟ ಮ್ಯಾಲೆನೇ ಹೊರಗ ಒಯ್ಯೂದು. ಆ ಕಾಲು ಗಂಡಸರದೇ ಆಗಬೇಕು ಅಂತ ಎಲ್ಲಾರೂ ತಿಳಕೊಂಡಿದ್ರು.

ಆಯಿ ಒಬ್ಬಾಕಿ ತಿಳಕೊಂಡಿರಲಿಲ್ಲ. "ಜೀವಮಾನ ಎಲ್ಲಾ ಗಂಡಸರ ಕಾಲು ಒತ್ತೇನಿ. ಸತ್ತ ಮ್ಯಾಲರ ನನ್ನ ತಲಿ ಮ್ಯಾಲೆ ಹೆಣ್ಮಗಳ ಕಾಲಿರಲಿ" ಅಂತ ಅಪ್ಪನ ಕಡಿಂದ ಮಾತು ತಗೊಂಡಿದ್ಲು.

ನಾ ಹತ್ತು ವರ್ಷದಾಕಿ ಇದ್ದಾಗ ಆಯಿ ಹೋದ್ಲು. ಮುಂಜಾನೆ ಗ್ವಾಡಿಗೆ ಆನಿಸಿ ಕುಂದ್ರಿಸಿದ್ರು, ತಲಿ ವಾಲಬಾರದಂತ ಅರವಿ ಕಟ್ಟಿದ್ರು. ಅಮ್ಮಾರ ಗಾಡಿ ಬಾಗಲಿಗೆ ಬಂದು ನಿಂತ ಕೂಡ್ಲೇ ಓಣಿ ಹಿರಿಯಾ, ಅಪ್ಪಗ ಕಾಕಾ ಆಗಬೇಕು, ಎದ್ದು ನಿಂತ.

"ಗಂಡ ಇಲ್ಲದಾಕಿ ಕಾಲು ಅವ್ವನ ತಲಿ ಮ್ಯಾಲೆ ಇಡಸ್ತಿ ಏನಲೇ? ತೇರದಾಳ ಅಯ್ಯಾರಿಗೆ ಫೋನ್ ಹಚ್ಚು, ಅರ್ಧಾ ತಾಸಿನ್ಯಾಗ ಬರ್ತಾರ."

"ಅವ್ವ ಹೇಳಿ ಹೋಗ್ಯಾಳ್ರೀ ಕಾಕಾ."

"ಆಕಿ ಹೇಳ್ತಾಳ. ಹೆಗಲು ಕೊಡೋರು ನಾವು. ಈಕಿ ಕಾಲಿಟ್ರ ನಮ್ಮ ಮಂದಿ ಒಬ್ರೂ ಹೆಣ ಎತ್ತಂಗಿಲ್ಲ."

ಅಪ್ಪ ಸಂತ್ಯಾಗ ಬದನಿಕಾಯಿ ಮಾರೋಳ ಕೂಡ ಒಂದು ತಾಸು ವಾದ ಮಾಡಿ ಗೆದ್ದು ಬರೋ ಮನಿಶಾ, ಅವತ್ತ ಕಾಕಾನ ಮುಂದ ಫೋನ್ ತಗಿಯೂದು, ಹೊಳ್ಳಿ ಕಿಸೆದಾಗ ಇಡೂದು ಮಾಡಾಕತ್ತಿದ್ದ.

ಅಮ್ಮಾರು ಹೊಸ್ತಿಲದಾಗೇ ನಿಂತಿದ್ರು. "ತಮ್ಮಾ, ನಾ ಹೊಳ್ಳಿ ಹೋಗ್ತೇನಿ, ನನಗ ಸಿಟ್ಟಿಲ್ಲ. ಆದ್ರ ಆಕಿಗೆ ನೀನೇ ಹೇಳು. ಕಿವ್ಯಾಗ ಹೇಳು, ನಾವು ಬ್ಯಾಡ ಅಂದ್ವಿ ಅಂತ."

ಅಪ್ಪ ಆಯಿ ಮುಂದ ಮೊಣಕಾಲೂರಿ ಕುಂತ. ಕಿವಿ ಹಂತ್ಯಾಕ ಬಾಯಿ ಒಯ್ದ. ಎಷ್ಟೊತ್ತು ಹಂಗ ಇದ್ದನೋ... ಕಡೀಕ ಹಣಿ ಆಯಿ ಮೊಣಕಾಲಿಗೆ ಹಚ್ಚಿ, "ಅಮ್ಮಾರ, ಒಳಗ ಬರ್ರಿ" ಅಂದ.

ಹಿರಿಯಾ ಚಪ್ಪಲ್ ಮೆಟಗೊಂಡು ಹೋದ. ಅವನ ಹಿಂದ ಅರ್ಧ ಅಂಗಳ ಖಾಲಿ ಆತು.

ನಮ್ಮವ್ವ ನೀರು ಹಾಕಿ ಅಮ್ಮಾರ ಕಾಲು ತೊಳದ್ಲು. ಹಿಮ್ಮಡ ಒಡದಿತ್ತು, ಹೆಬ್ಬಟ್ಟಿಗೆ ಗಾಡಿ ಗ್ರೀಸ್ ಹತ್ತಿತ್ತು. ಒಂದು ಕೈ ಗ್ವಾಡಿಗೆ ಕೊಟ್ಟು ಅಮ್ಮಾರು ಬಲಗಾಲು ಎತ್ತಿದ್ರು. ಆಯಿ ತಲಿ ಮ್ಯಾಲೆ ಮೆಲ್ಲಕ ಇಟ್ರು. "ಅಕ್ಕಾ, ಭಾರ ಆದ್ರ ಹೇಳವಾ" ಅಂದ್ರು ಆಯಿಗೆ. ಆಮ್ಯಾಲೆ ಮಂತ್ರ ಹೇಳಿದ್ರು. ಜೋರಾಗಿ, ತಮ್ಮ ದನಿಯಾಗ.

ನಮ್ಮ ಮಗ್ಗದಾಗ ಕೂಲಿ ಮಾಡೋ ನಾಕು ಮಂದಿ ಹೆಗಲು ಕೊಟ್ರು.

ಎರಡು ವರ್ಷದ ಹಿಂದ ಅಮ್ಮಾರೂ ಹೋದ್ರು. ನಾ ಮುಧೋಳದಾಗ ಪರೀಕ್ಷೆ ಬರ್ಯಾಕತ್ತಿದ್ದೆ, ಕಡೀಗೆ ಮಾರಿ ಸೈತ ನೋಡಲಿಲ್ಲ. ಕಲಿಸ್ತೇನಿ ಬರ್ರಿ ಅಂತ ಮಠದ ಹೆಣ್ಮಕ್ಕಳಿಗೆ ಹೇಳಿ ಹೇಳಿ ದಣದಿದ್ರಂತ. ಅವರ ಸ್ವಂತ ಸೊಸಿ ಸೈತ ಒಲ್ಲೆ ಅಂದಿದ್ಲಂತ.

ಹೋದ ತಿಂಗಳ ಆ ಹಿರಿಯಾನ ಹೇಂತಿ ತೀರಿಕೊಂಡ್ಲು. ಹೆಣ ಇನ್ನೂ ಮನ್ಯಾಗ ಇರೂಮುಂದನೇ ಬಡಿಗಿ ಊರ್ಕೋತ ತಾನೇ ನಮ್ಮ ಮನಿಗೆ ಬಂದ. ಆಯಿ ಹೋದ ದಿನದಿಂದ ನಮ್ಮ ಹೊಸ್ತಿಲ ತುಳದಿರಲಿಲ್ಲ.

"ಅಮ್ಮಾರಂಥವರು ಯಾರರ ಅದಾರೇನೋ? ನಮ್ಮಾಕಿನೂ ಹಂಗ ಹೇಳಿ ಹೋಗ್ಯಾಳ."

ಅಪ್ಪ ಜಮಖಂಡಿಗೆ, ಮುಧೋಳಕ್ಕ, ಬೀಳಗಿಗೆ ಫೋನ್ ಹಚ್ಚಿದ. "ಹೆಣ್ಮಕ್ಕಳಾ?" ಅಂತ ಒಬ್ಬಾವ ಫೋನಿನ್ಯಾಗೇ ನಕ್ಕ. ಎಲ್ಲೂ ಇರಲಿಲ್ಲ.

ಹಿರಿಯಾ ನನ್ನ ಕಡೆ ನೋಡಿದ. "ನೀ ಅವರ ಗಾಡಿ ಮ್ಯಾಲೇ ಇರ್ತಿದ್ದಿ. ನಿನಗೇನರ ಕಲಿಸ್ಯಾರೇನವಾ?"

"ಕಲಿಸ್ತೇನಿ ಬಾ ಅಂದಿದ್ರಜ್ಜಾ," ಅಂದೆ. "ನಾ ನಕ್ಕು ಓಡಿ ಬಂದಿದ್ದೆ."

ಅಂವ ಬಡಿಗಿ ತಗೊಂಡು, ತೇರದಾಳ ಅಯ್ಯಾರಿಗೆ ಹೇಳಿಬಿಡು ಅಂತ ಅಪ್ಪಗ ಹೇಳಿ ಎದ್ದು ಹೋದ.