ಕಿವಿಗೆ ಬೀಳದ ಜರ್ಮನ್

ಮುಂಬಯಿಯ ಘಾಟ್ಕೋಪರಿನ ಕನ್ನಡ ಶಾಲೆಯ ಒಂದು ಕೋಣೆಯಲ್ಲಿ ಸದಾನಂದ ಮಾಸ್ತರರು ಭಾನುವಾರ ಬೆಳಿಗ್ಗೆ ಜರ್ಮನ್ ಕಲಿಸುತ್ತಿದ್ದರು. ಉಳಿದ ದಿನಗಳಲ್ಲಿ ಅವರದು ಗಿರಗಾಂವಿನ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವ ಕೆಲಸ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಜರ್ಮನಿಯ ಆಸ್ಪತ್ರೆಗಳಿಗೆ ನರ್ಸುಗಳು ಬೇಕಂತೆ, ಕಾರ್ಖಾನೆಗಳಿಗೆ ಕೈಕೆಲಸ ಬಲ್ಲವರು ಬೇಕಂತೆ, ಭಾಷೆಯ ಸರ್ಟಿಫಿಕೇಟು ಇದ್ದರೆ ದಾರಿ ಸುಲಭವಂತೆ ಎಂಬ ಮಾತು ಚಾಳುಗಳಲ್ಲಿ ಹಬ್ಬಿತ್ತು. ಹಾಗಾಗಿ ಆ ಕೋಣೆಯ ಬೆಂಚುಗಳು ಖಾಲಿ ಇರುತ್ತಿರಲಿಲ್ಲ.

ಮಾಸ್ತರರಿಗೆ ಜರ್ಮನ್ ಬಂದದ್ದು ಮಂಗಳೂರಿನಲ್ಲಿ. ಉಡುಪಿ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಅಲ್ಲಿಗೆ ಹೋಗಿ, ಮಿಷನ್ನಿನ ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದರು. ಜರ್ಮನ್ ಪುಟಗಳನ್ನೂ ಜೋಡಿಸಬೇಕಾಗುತ್ತಿತ್ತು. ಅರ್ಥ ತಿಳಿಯದೆ ಅಕ್ಷರ ಜೋಡಿಸುವುದು ಅವರಿಗೆ ಸರಿಬರಲಿಲ್ಲ. ಅಲ್ಲಿದ್ದ ಮುದುಕ ಜರ್ಮನ್ ಪಾದ್ರಿಯ ಬೆನ್ನು ಬಿದ್ದು ವ್ಯಾಕರಣ ಕಲಿತರು, ಧರ್ಮಗ್ರಂಥ ಓದಿದರು. ಯುದ್ಧ ಶುರುವಾಗಿ ಬ್ರಿಟಿಷ್ ಸರ್ಕಾರ ಶತ್ರುದೇಶದವನೆಂದು ಪಾದ್ರಿಯನ್ನು ಹಿಡಿದು ಒಯ್ದ ಮೇಲೆ ಮುಂಬಯಿಗೆ ಬಂದರು. ಇಲ್ಲಿ ಮೂವತ್ತು ವರ್ಷ ಆ ಭಾಷೆಯನ್ನು ಒಬ್ಬರೇ ಓದಿಕೊಂಡು ಕಾಪಾಡಿದ್ದರು. ತನಗಿರುವ ಆಸ್ತಿ ಅದೊಂದೇ ಎಂಬ ಭಾವನೆ ಅವರಿಗಿತ್ತು.

ಆ ವರ್ಷ ಕ್ಲಾಸಿನ ಐವರು ಪರೀಕ್ಷೆಗೆ ಕೂತರು. ಐವರೂ ಫೇಲಾದರು.

"ಓದಲಿಲ್ಲ ನೀವು," ಎಂದರು ಮಾಸ್ತರರು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ರಾಜೀವಿ ಎದ್ದು ನಿಂತಳು. ಮುಲುಂಡಿನ ಆಸ್ಪತ್ರೆಯೊಂದರ ನರ್ಸು, ಕಾಪು ಕಡೆಯವಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು. "ಓದಿದ್ದೇವೆ ಮಾಸ್ಟ್ರೇ. ಗ್ರಾಮರ್ ಎಲ್ಲ ಸರಿ ಬರ್ದಿದ್ದೇನೆ. ಟೇಪು ಹಾಕಿದ್ರು ನೋಡಿ, ಅದ್ರಲ್ಲಿ ಹೋಯ್ತು."

"ಎಂಥ ಟೇಪು?"

"ಸ್ಟೇಷನ್ನಿನಲ್ಲಿ ಇಬ್ರು ಮಾತಾಡ್ತಾರೆ. ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರ್ತದೆ ಅಂತ ಕೇಳಿ ನಾವು ಬರೀಬೇಕು. ಅವ್ರು ಬಡಬಡ ಹೇಳಿ ಮುಗಿಸಿದ್ರು. ನಂಗೆ ಒಂದು ಶಬ್ದವೂ ಹಿಡೀಲಿಕ್ಕೆ ಆಗ್ಲಿಲ್ಲ."

ಹಿಂದಿನ ಬೆಂಚಿನಿಂದ ಕಾಶಪ್ಪ ಬಾಯಿ ತೆರೆದ. ವಿಜಾಪುರದ ಕಡೆಯವನು, ಜೋಗೇಶ್ವರಿಯ ಸಣ್ಣ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದ. "ನನಗ ಮಾತಿನ ಪರೀಕ್ಷಾದಾಗ 'ನಿನ್ನೆ ಏನ್ ಮಾಡಿದಿ' ಅಂತ ಕೇಳಿದ್ರಂತ್ರಿ ಸರ. ಅದು ಹೊರಗ ಬಂದಮ್ಯಾಲೆ ಗೊತ್ತಾತು. ಒಳಗ ನಾ ಗಾಬ್ರಿಯಾಗಿ ಬಾಯಿಪಾಠ ಮಾಡಿದ್ದ ವಿಭಕ್ತಿ, ಡೆರ್, ಡೆಸ್, ಡೆಮ್, ಡೆನ್ ಅಂದ್ಬಿಟ್ಟೆ."

ಯಾರೂ ನಗಲಿಲ್ಲ.

"ಅದೊಂದು ಪರೀಕ್ಷೆಯೋ!" ಎಂದು ಮಾಸ್ತರರು ಪಾಠ ಮುಂದುವರಿಸಿದರು. ಆದರೆ ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ತಾನು ಕಲಿಸಿದ್ದರಲ್ಲಿ ತಪ್ಪಿಲ್ಲ. ಹಾಗಿದ್ದರೆ ರಾಜೀವಿಯಂಥವಳು ಯಾಕೆ ಸೋತಳು? ವಿದ್ಯಾರ್ಥಿಗಳನ್ನು ಕೇಳಿದರೆ ಇದು ಬಗೆಹರಿಯುವುದಿಲ್ಲ, ತಾನೇ ಕೂತು ನೋಡಬೇಕು ಅನ್ನಿಸಿತು. ಮುಂದಿನ ಸಲದ ಪರೀಕ್ಷೆಗೆ, ಯಾರಿಗೂ ಹೇಳದೆ, ಹೆಸರು ಕೊಟ್ಟು ಬಂದರು.

ಪರೀಕ್ಷೆ ಫೋರ್ಟ್ ಕಡೆಯ ಒಂದು ಕಟ್ಟಡದಲ್ಲಿ. ಸುತ್ತಲೂ ಮಕ್ಕಳ ವಯಸ್ಸಿನವರು. ಬರವಣಿಗೆಯನ್ನು ಮಾಸ್ತರರು ಎಲ್ಲರಿಗಿಂತ ಮೊದಲು ಮುಗಿಸಿ, ಅಭ್ಯಾಸಬಲದಿಂದ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟುಹೋಗಿದ್ದ ಒಂದು ಅಲ್ಪವಿರಾಮವನ್ನೂ ಹಾಕಿದರು. ಆಮೇಲೆ ಮೇಜಿನ ಮೇಲಿನ ಯಂತ್ರ ತಿರುಗತೊಡಗಿತು. ಒಬ್ಬ ಹೆಂಗಸು ಮಾತಾಡಿದಳು, ಒಬ್ಬ ಗಂಡಸು ನಡುವೆ ಬಾಯಿ ಹಾಕಿ ನಕ್ಕ. ಶಬ್ದಗಳು ಒಂದರೊಳಗೊಂದು ಕರಗಿ ಹರಿದುಹೋದವು. ಮಾಸ್ತರರು ಕೈಯಲ್ಲಿ ಪೆನ್ನು ಹಿಡಿದು, ಎಲ್ಲಿ ಒಂದು ಪದ ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯದೆ ಕೂತರು. ಆಗ ಅವರಿಗೆ ಹೊಳೆಯಿತು: ಪಾದ್ರಿ ತನ್ನೊಡನೆ ಯಾವತ್ತೂ ಆಡಿದ್ದು ಕನ್ನಡ, ಇಲ್ಲವೇ ತುಳು. ಜರ್ಮನರು ಜರ್ಮನಿನಲ್ಲಿ ಹರಟುವುದನ್ನು ತಾನು ಈ ಜನ್ಮದಲ್ಲಿ ಕೇಳಿಯೇ ಇರಲಿಲ್ಲ.

ಮಾತಿನ ಪರೀಕ್ಷೆಗೆ ಕೂತಿದ್ದವಳು ಒಬ್ಬ ಜರ್ಮನ್ ತರುಣಿ. ಏನೋ ಕೇಳಿದಳು. ಮತ್ತೆ ನಿಧಾನವಾಗಿ ಕೇಳಿದಳು. ಮಾಸ್ತರರು ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದರು: "ದಯವಿಟ್ಟು ಅದನ್ನು ಬರೆದು ತೋರಿಸಿ. ಉತ್ತರ ಕೊಡುತ್ತೇನೆ."

ಅವಳ ಮುಖ ಸಣ್ಣದಾಯಿತು. "ಬರೆದು ಕೇಳುವ ಹಾಗಿಲ್ಲ, ಸರ್," ಎಂದಳು.

ಮುಂದಿನ ಭಾನುವಾರ ಮಾಸ್ತರರು ಬೋರ್ಡಿನ ಕಡೆ ತಿರುಗಲಿಲ್ಲ. ಮೇಜಿಗೆ ಕೈ ಊರಿ ನಿಂತು, "ನಾನೂ ಪರೀಕ್ಷೆಗೆ ಕೂತು ಬಂದೆ. ಟೇಪು ನನಗೂ ಗೊತ್ತಾಗಲಿಲ್ಲ. ನಾನು ಕಲಿಸುವುದು ಓದಲಿಕ್ಕೆ ಆಗ್ತದೆ, ಸರ್ಟಿಫಿಕೇಟಿಗೆ ಆಗುವುದಿಲ್ಲ. ಸರ್ಟಿಫಿಕೇಟು ಬೇಕಾದವರು ಇಲ್ಲಿ ಕೂತು ಹೊತ್ತು ಕಳೀಬೇಡಿ," ಎಂದರು.

ರಾಜೀವಿಯ ಕಣ್ಣು ತುಂಬಿತು. "ಮತ್ತೆ ಎರಡು ವರ್ಷ ನಾವು ಕಲ್ತದ್ದು ಮಾಸ್ಟ್ರೇ?"

"ಆ ತಪ್ಪು ನನ್ನದು, ಮಗಾ."

ಮಾಸ್ತರರು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಪರೀಕ್ಷೆ ನಡೆಸುವವರದೇ ಸಂಜೆ ಕ್ಲಾಸು ಇತ್ತು. ಅಲ್ಲಿಗೆ ತಾವೇ ಕರೆದೊಯ್ದು, ಸೇರಬಲ್ಲವರನ್ನು ಸೇರಿಸಿದರು. ರಾಜೀವಿ ಆಸ್ಪತ್ರೆಯಲ್ಲಿ ಕಾಡಿಬೇಡಿ ಡ್ಯೂಟಿ ಬದಲಿಸಿಕೊಂಡಳು. ಮರುವರ್ಷ ಪಾಸಾದಳು, ಜರ್ಮನಿಗೂ ಹೋದಳು. ಹೋಗುವ ಮುಂಚೆ ಬಂದು ಕಾಲಿಗೆರಗಿದಾಗ ಮಾಸ್ತರರು ಸಂತೋಷದಿಂದಲೇ ಹರಸಿದರು. ಆದರೆ ಅವಳು ಬೀಳ್ಕೊಳ್ಳುತ್ತ ಜರ್ಮನಿನಲ್ಲಿ ಆಡಿದ ಎರಡು ಮಾತು ಅವರಿಗೆ ಹಿಡಿತಕ್ಕೆ ಸಿಗಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ಮನಸ್ಸು ಬರಲಿಲ್ಲ.

ಎಲ್ಲರ ಕಥೆ ಹಾಗಾಗಲಿಲ್ಲ. ಕಾಶಪ್ಪನಿಗೆ ಸಂಜೆ ಪಾಳಿ ತಪ್ಪಿಸಲಾಗಲಿಲ್ಲ, ಅವನ ಜರ್ಮನಿ ಅಲ್ಲಿಗೇ ಮುಗಿಯಿತು. ಶಾಲೆಯ ಕೋಣೆಯ ಬೀಗದ ಕೈಯನ್ನು ಮಾಸ್ತರರು ಒಪ್ಪಿಸಿಬಿಟ್ಟರು. ಭಾನುವಾರಗಳು ಉದ್ದವಾದವು. ಪಾದ್ರಿ ಕೊಟ್ಟ ಪುಸ್ತಕಗಳನ್ನು ಅವರು ಅಟ್ಟದಿಂದ ಇಳಿಸುತ್ತಿರಲಿಲ್ಲ.

ಎಷ್ಟೋ ತಿಂಗಳ ಮೇಲೆ ಒಂದು ದಿನ ಕಾಶಪ್ಪ ಮನೆಗೇ ಬಂದ. ಕೈಯಲ್ಲಿ ಎಣ್ಣೆ ಮೆತ್ತಿದ ದಪ್ಪ ಪುಸ್ತಕ. "ಕಾರ್ಖಾನಿಗೆ ಜರ್ಮನ್ ಲೇತ್ ಬಂದೈತ್ರಿ ಸರ. ಹಳೇದು. ಅದರ ಪುಸ್ತಕ ಇದು. ಮಾಲಕ ಎಲ್ಲಾರಿಗೂ ತೋರ್ಸಿದ, ಯಾರಿಗೂ ಬರ್ಲಿಲ್ಲ. ನಾ ಓದಾಕ್ಹತ್ತೀನಿ. ಇಲ್ಲೊಂದು ಶಬ್ದ ತಡದೈತಿ."

ಮಾಸ್ತರರು ಕನ್ನಡಕ ಹುಡುಕಿ ಹಾಕಿಕೊಂಡರು. "ರೈಟ್‌ಷ್ಟಾಕ್... ಇದು ನನಗೂ ಗೊತ್ತಿಲ್ಲ ಮಾರಾಯಾ. ರೈಟೆನ್ ಅಂದ್ರೆ ಸವಾರಿ ಮಾಡುದು. ಷ್ಟಾಕ್ ಅಂದ್ರೆ ಕೋಲು."

"ಸವಾರಿ ಕೋಲು?" ಕಾಶಪ್ಪ ಕಣ್ಣು ಮುಚ್ಚಿ ಗಾಳಿಯಲ್ಲಿ ಕೈ ಹಿಂದೆ ಮುಂದೆ ಸರಿಸಿದ. ಅವನ ಮುಖ ಅರಳಿತು. "ಟೇಲ್‌ಸ್ಟಾಕ್ ಅದು ಸರ, ಕಡಿಯೋ ಸಳಿಯ ಹಿಂದಿನ ತುದಿ ಹಿಡಿಯೋದು! ಲೇತಿನ ಬೆನ್ನಿನ ಮ್ಯಾಲೆ ಕುದ್ರಿ ಏರಿಧಂಗ ಕುಂತಿರತೈತಿ, ಹಿಂದಕ್ಕ ಮುಂದಕ್ಕ ಸರೀತೈತಿ."

ಮಾಸ್ತರರು ಆ ಪದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಚಾಪೆ ಎಳೆದು ಕಾಶಪ್ಪನಿಗೆ ಜಾಗ ಮಾಡಿ, "ಮುಂದಿನ ಸಾಲು ಓದು," ಎಂದರು.