ಗೌರಿಯಕ್ಕನ ಹೆದರಿಕೆಗೆ ಹದಗೊಂಡ ಇಂಜಿನ್

ಗೌರಿಯಕ್ಕನಂಥ ಪುಕ್ಕಲು ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಜಿರಲೆ ಕಂಡರೆ ಕುರ್ಚಿ ಹತ್ತುವವಳು. ಈ ಪುಕ್ಕಲುತನದಿಂದಲೇ ಒಂದು ಇಂಜಿನ್ ಹದಕ್ಕೆ ಬಂತೆಂದರೆ ಯಾರೂ ನಂಬುವುದಿಲ್ಲ.

ಗಂಡ ಚಂದ್ರಹಾಸರು ಉಡುಪಿ ಕಡೆಯವರು, ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ಕೋಲ್ಕತ್ತದ ಸೆಕೆಯಲ್ಲಿ, ಟ್ರಾಫಿಕ್ಕಿನಲ್ಲಿ ಹೊಸ ಇಂಜಿನ್ನನ್ನು ಪರೀಕ್ಷಿಸಲು ಬಂದವರು ಇಲ್ಲೇ ಉಳಿದರು. ಟರ್ಬೊ ಇಲ್ಲದ, ತಾನಾಗಿ ಗಾಳಿ ಎಳೆದುಕೊಳ್ಳುವ ಸಣ್ಣ ಇಂಜಿನ್ ಅದು. ಆಗಷ್ಟೇ ಕಾರು ಕಲಿಯುತ್ತಿದ್ದ ಹೆಂಡತಿಯನ್ನು ಕಂಪನಿಯ ಅಂಗಳದಲ್ಲಿ ಸ್ಟಿಯರಿಂಗ್ ಮುಂದೆ ಕೂರಿಸುತ್ತಿದ್ದರು. ಅವಳು ಬೆಚ್ಚಿದ ಕಡೆಯೆಲ್ಲ ಇಂಜಿನ್ನಿನ ಎಳೆತವನ್ನು ತಿದ್ದುತ್ತಿದ್ದರು. ಕೊನೆಗೆ ಎಕ್ಸಿಲರೇಟರ್ ಎಷ್ಟು ಒತ್ತಿದರೆ ಅಷ್ಟೇ ಓಡುವ ಸಾಧು ಇಂಜಿನ್ ಸಿದ್ಧವಾಯಿತು. ಅದೇ ಇಂಜಿನ್ನಿನ ಕಾರನ್ನು ಕೊಂಡು ಗೌರಿಯಕ್ಕ ವರ್ಷಗಟ್ಟಲೆ ಓಡಿಸಿದಳು.

ಹೊಗೆಯ ನಿಯಮಗಳು ಬಿಗಿಯಾದಾಗ ಕಂಪನಿ ಆ ಇಂಜಿನ್ ಮಾಡುವುದನ್ನೇ ನಿಲ್ಲಿಸಿತು. ಇವರ ಕಾರೂ ಹೋದ ವರ್ಷ ಗುಜರಿ ಸೇರಿತು. ಅಷ್ಟರಲ್ಲಿ ಚಂದ್ರಹಾಸರ ಕಣ್ಣು ಪೂರ್ತಿ ಹೋಗಿತ್ತು. ಬೇರೆಯವರ ಗಾಡಿ ಹತ್ತಲು ಅವರಿಗೆ ಭಯ. ಹೆಂಡತಿ ಓಡಿಸದಿದ್ದರೆ ಹೊಸ್ತಿಲು ದಾಟುವವರಲ್ಲ. ಹಳೆಯದರ ಬದಲಿಗೆ ಮನೆಗೆ ಬಂದದ್ದು ಟರ್ಬೊ ಕಾರು, ಒತ್ತಿದರೆ ತುಸು ತಡೆದು ಆಮೇಲೆ ಜಿಗಿಯುವಂಥದ್ದು.

ಕಳೆದ ಭಾನುವಾರ ಇಬ್ಬರೂ ನಮ್ಮ ಕಡೆಯ ಸಾಮಾನು ಸಿಗುವ ಲೇಕ್ ಮಾರ್ಕೆಟ್‌ಗೆ ಹೊರಟರು. ಪಕ್ಕದ ಮನೆಯವಳಾದ ನಾನೂ ಕರಿಬೇವಿನ ಆಸೆಗೆ ಹಿಂದಿನ ಸೀಟಿನಲ್ಲಿ ಕೂತೆ. ಸದರ್ನ್ ಅವೆನ್ಯೂ ರಸ್ತೆಯಲ್ಲಿ ನಮ್ಮ ಮುಂದೆ ನಿಂತಿದ್ದ ಬಸ್ಸು ಹೊರಟಿತು. ಗೌರಿಯಕ್ಕ ಒತ್ತಿದಳು, ಕಾರು ಮಿಸುಕಲಿಲ್ಲ. ಇನ್ನಷ್ಟು ಒತ್ತಿದಳು. ಒಮ್ಮೆಲೇ ಅದು ಮುಂದಕ್ಕೆ ನುಗ್ಗಿತು. ಎದುರಿಗೆ ಬುಟ್ಟಿ ಹೊತ್ತ ಮುದುಕಿಯೊಬ್ಬಳು ರಸ್ತೆ ದಾಟುತ್ತಿದ್ದಳು. ಗೌರಿಯಕ್ಕ ಬ್ರೇಕ್ ತುಳಿದಳು. ಕಾರು ನಿಂತಾಗ ಅವಳಿಗೂ ಬಾನೆಟ್ಟಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಬೈಯಲೂ ಬಾಯಿ ಬಾರದೆ ಮುದುಕಿ ಪಕ್ಕಕ್ಕೆ ಸರಿದು ಹೋದಳು.

"ಎಂತ ಆಯ್ತು ಮಾರಾಯ್ತಿ? ಯಾರಾದ್ರೂ ಅಡ್ಡ ಬಂದ್ರಾ?" ಚಂದ್ರಹಾಸರು ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ತಡಕುತ್ತಿದ್ದರು. "ಸಾಕು, ಮನೆಗೆ ಹೋಗುವ. ನಾನಿನ್ನು ಹೊರಗೆ ಬರುದಿಲ್ಲ."

ಗೌರಿಯಕ್ಕ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ಹೇಳಬೇಡ ಎನ್ನುವಂತೆ ತಲೆಯಾಡಿಸಿದಳು.

"ನಾಯಿ ಬಂತು. ತುಂಬಾ ದೂರ ಇತ್ತು."

"ಹೌದಾ ಶೋಭನಾ?" ಎಂದು ಅವರು ನನ್ನ ಕಡೆ ತಿರುಗಿದರು.

ಹೌದೆಂದೆ.

"ನಿಂಗೆ ಹೆದರಿಕೆ ಆಗ್ಲಿಲ್ವಾ ಗೌರಿ?"

"ಇಲ್ಲ."

ಅವರು ನಿರಾಳವಾಗಿ ಸೀಟಿಗೆ ಒರಗಿದರು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಗೌರಿಯಕ್ಕ ತುಟಿ ಕಚ್ಚಿ, ಸದ್ದಾಗದಂತೆ ಅಳುತ್ತ, ಬ್ರೇಕಿನಿಂದ ಕಾಲು ತೆಗೆದಳು.