ಎಡಕ್ಕೆ ತಿರುಗಿದ ಹೃದಯ ಮತ್ತು ಪುಟ ಕಟ್ಟುವ ಬುರುಲ್

ಬಿಷ್ಕೆಕ್ಕಿನಲ್ಲಿ ಚಳಿಗಾಲದ ಬೆಳಗಾಗುವುದು ಕಲ್ಲಿದ್ದಲ ಹೊಗೆಯೊಳಗೆ. ಚಿಕ್ಕದೊಂದು ಸಂಶೋಧನಾ ಸಂಸ್ಥೆಯ ಹಿಂದಿನ ಕೋಣೆಯಲ್ಲಿ ಬುರುಲ್ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕೋಟು ಬಿಚ್ಚಿಲ್ಲ, ಕೋಣೆ ಇನ್ನೂ ಬೆಚ್ಚಗಾಗಿಲ್ಲ. ಪರದೆಯ ಮೇಲೆ ಮೊಟ್ಟೆಯೊಳಗಿನ ಕೋಳಿಭ್ರೂಣದ ಚಿತ್ರ. ಪಕ್ಕದಲ್ಲಿ ಮೂಲಚಿತ್ರ ಇಟ್ಟುಕೊಂಡು, ಎಡ ಯಾವುದು ಬಲ ಯಾವುದು ಎಂದು ಬೆರಳಿಟ್ಟು ನೋಡುತ್ತಾರೆ. ನಂಬಿಕೆ ಸಾಲದೆ ಮತ್ತೆ ನೋಡುತ್ತಾರೆ.

ಜೀವಕೋಶಗಳು ಕೂಡಿ ಜೀವಿಯಾಗಿ ಬೆಳೆಯುವ ಬಗೆಯನ್ನು ಕುರಿತು ಸಂಸ್ಥೆ ಹೊರತರುವ ಸಂಶೋಧನಾ ಪತ್ರಿಕೆ ಇದು. ಅಂತರ್ಜಾಲದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಬರಹ, ಚಿತ್ರಗಳನ್ನು ಜೋಡಿಸಿ ಪುಟ ಕಟ್ಟುವವರು ಬುರುಲ್ ಒಬ್ಬರೇ. ಮೊದಲು ಶಾಲಾಪುಸ್ತಕದ ಪ್ರೆಸ್ಸಿನಲ್ಲಿದ್ದರು. ಅದು ಮುಚ್ಚಿತು, ಗಂಡನೂ ತೀರಿಕೊಂಡರು, ಇಲ್ಲಿಗೆ ಬಂದರು. "ಆ ಪ್ರೆಸ್ಸಲ್ಲಿ ಚಿತ್ರದ ಕುದುರೆ ಪುಟದಿಂದ ಆಚೆ ನೋಡ್ತಾ ನಿಂತಿದ್ರೆ ಯಜಮಾನ್ರು ಉಗಿಯೋರು. ಎಲ್ಲಾ ಒಳಗಡೇನೇ ಮುಖ ಮಾಡ್ಬೇಕು, ಇಲ್ದಿದ್ರೆ ಚಿತ್ರ ತಿರುಗಿಸ್ಬೇಕು. ಆ ಚಾಳಿ ಕೈಗೆ ಅಂಟ್ಕೊಂಡ್ಬಿಟ್ಟಿತ್ತು."

ಆ ಚಾಳಿಯೇ ಮುಳುವಾಯಿತು. ಕೋಳಿಭ್ರೂಣದ ಹೃದಯ ಮೊದಲು ಬಲಕ್ಕೆ ಬಾಗುತ್ತದೆ. ಹಾಗೇಕೆ ಎಂದು ನುರ್ಜಾತ್ ಎಂಬ ಯುವ ಸಂಶೋಧಕಿ ವರ್ಷಗಟ್ಟಲೆ ದುಡಿದು ಬರೆದಿದ್ದಳು. ಆಕೆ ಪುಟಗಳನ್ನು ನೋಡಿ ಒಪ್ಪಿದ ಮೇಲೆ, ಭ್ರೂಣ ಆಚೆ ಮುಖ ಮಾಡಿದೆಯೆಂದು ಬುರುಲ್ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟರು. ಹೃದಯ ಎಡಕ್ಕೆ ಹೋಯಿತು. ಬಿಟ್ಟಿ ಪತ್ರಿಕೆಯಲ್ಲವೇ, ದೇಶದೇಶದವರು ಓದಿದರು, ಓದಿ ನಕ್ಕರು. ಲೇಖನಕ್ಕೆ ತಿದ್ದುಪಡಿ ಅಂಟಿತು: ಚಿತ್ರ ತಪ್ಪಾಗಿದೆ, ಲೇಖಕಿ ವಿಷಾದಿಸುತ್ತಾರೆ. ನೆರೆದೇಶದ ಅಲ್ಮಾಟಿಯ ಪ್ರಯೋಗಾಲಯವೊಂದರಲ್ಲಿ ಇನ್ನೇನು ಸಿಕ್ಕಿತು ಎಂದಿದ್ದ ಕೆಲಸ ಅವಳ ಕೈತಪ್ಪಿತು. ಇದಕ್ಕಿಂತ ಅನ್ಯಾಯ ಬೇಕೇ?

"ಅವಳು ಬಂದಾಗ, ಬೈಯೇ ತಾಯಿ, ಸುಮ್ನಿರ್ಬೇಡ ಅಂದೆ. 'ಬಿಡಿ ಅಕ್ಕ, ಚಹಾ ಆರ್ತಿದೆ' ಅಂದ್ಲು. ಅದನ್ನ ಕುಡಿಯೋಕೂ ಆಗ್ಲಿಲ್ಲ ಅವಳಿಗೆ" ಎನ್ನುವಾಗ ಬುರುಲ್ ಮುಖ ಪರದೆಯ ಕಡೆಗೇ ಇರುತ್ತದೆ.

ತಪ್ಪು ನನ್ನದು, ತಿದ್ದುಪಡಿಯನ್ನೇ ತಿದ್ದಿ ಎಂದು ಬುರುಲ್ ಈಗ ಸಂಪಾದಕ ಕುಬಾತ್ ಅವರ ಬೆನ್ನು ಬಿದ್ದಿದ್ದಾರೆ. ಕುಬಾತ್ ಕೆಟ್ಟವರಲ್ಲ, ರೂಢಿ ಮುರಿಯುವವರೂ ಅಲ್ಲ. "ಲೇಖನ ಯಾರದ್ದೋ, ವಿಷಾದಾನೂ ಅವರದ್ದೇ ಅಕ್ಕ. ನಿಮ್ಮ ಹೆಸರು ಹಾಕಿದ್ರೆ ನಾಳೆ ಕಸ ಗುಡಿಸೋಳೂ ನನ್ನ ಹೆಸರೂ ಹಾಕಿ ಅಂತ ಕೇಳ್ತಾಳೆ" ಎಂದು ನಗುತ್ತಾರೆ. ಬುರುಲ್ ನಗುವುದಿಲ್ಲ. ಮುಂದಿನ ವಾರ ಮತ್ತೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಾರೆ.

"ಇಷ್ಟು ವರ್ಷ ಪುಟ ಕಟ್ಟಿದೀನಿ, ಒಂದರಲ್ಲೂ ನನ್ನ ಹೆಸರಿಲ್ಲ. ಬೇಕು ಅಂತ ಕೇಳಿದ್ದೂ ಇಲ್ಲ. ಈ ತಪ್ಪಿಗೆ ಮಾತ್ರ ಹಾಕ್ಲಿ, ಇದು ಬುರುಲ್ ಮಾಡಿದ್ದು ಅಂತ. ಆ ಹುಡುಗೀನ ಬಿಟ್ಬಿಡ್ಲಿ."